ಅಚ್ಚು ಗಟ್ಟಿಯಾಗುವ ಮೂರು ನಿಮಿಷ

ಹಲ್ಲಿನ ಸೆಟ್ಟು ಮಾಡುವ ಅವನನ್ನು ಬೀದಿಯವರೆಲ್ಲ ಉಜ್ಜಪ್ಪ ಎನ್ನುತ್ತಿದ್ದರು. ಸೆಟ್ಟು ಎಲ್ಲಾದರೂ ಒತ್ತಿದರೆ ಅವನ ಮದ್ದು ಒಂದೇ: ಇನ್ನೊಂದು ಚೂರು ಉಜ್ಜುವುದು.

ಆ ಬುಧವಾರ ಬೆಳಿಗ್ಗೆ ಕುರ್ಚಿಯಲ್ಲಿ ಕೂತಿದ್ದವಳು ಅವನ ಅಕ್ಕ. ಮನೆ ಕೊಳ್ಳಲು ಕೂಡಿಟ್ಟ ಆರು ಲಕ್ಷವನ್ನು, ಜೋಪಾನವಾಗಿಡು ಎಂದು ಅವನಿಗೆ ಕೊಟ್ಟಿದ್ದಳು. ಶುಕ್ರವಾರ ನೋಂದಣಿ.

"ಬಾಯಿ ದೊಡ್ಡದಾಗಿ ತೆಗಿ ಅಕ್ಕ."

"ನಿಮ್ಮ ಭಾವನ ಮೇಲೆ ಕೂಗಾಡೋವಾಗ ತೆಗೆಯೋಷ್ಟು ಸಾಕೇನೋ?"

ಅವನಿಗೆ ನಗು ಬರಲಿಲ್ಲ. ಮೆತ್ತನೆಯ ಗುಲಾಬಿ ಬಣ್ಣದ ಅಚ್ಚಿನ ಹಿಟ್ಟು ತುಂಬಿದ ತಟ್ಟೆಯನ್ನು ಅವಳ ಬಾಯಿಗೆ ಒತ್ತಿ ಹಿಡಿದ. ಅಚ್ಚು ಗಟ್ಟಿಯಾಗಲು ಮೂರು ನಿಮಿಷ. ಅಷ್ಟರಲ್ಲಿ ಫೋನು ನಡುಗಿತು.

ವಿದೇಶಿ ಹಣದ ವ್ಯಾಪಾರ ಮಾಡಿಸುವ ದಲ್ಲಾಳಿ ಕಚೇರಿಯ ಹುಡುಗಿ. ಅವಳ ಜೇನಿನಂಥ ದನಿಯನ್ನು ಅಣಕಿಸಿ ಹೆಂಡತಿಯನ್ನು ಎಷ್ಟೋ ಸಲ ನಗಿಸಿದ್ದ. ಇಂದು ಅದೇ ದನಿ ಕೇಳಿ ಫೋನನ್ನು ಕಿವಿಗೆ ಒತ್ತಿಕೊಂಡ. "ಸಾರ್, ತಮ್ಮ ಒತ್ತೆ ಹಣ ಕರಗ್ತಾ ಇದೆ. ಇನ್ನಷ್ಟು ಕಟ್ತೀರಾ, ಇಲ್ಲ ನಾವೇ ತಮ್ಮ ವ್ಯವಹಾರ ಮುಚ್ಚಬೇಕಾ?"

"ಎರಡು ನಿಮಿಷ ಕೊಡಮ್ಮ" ಎಂದು ಫೋನಿಟ್ಟ. ಅಕ್ಕನ ಕಣ್ಣು ಅವನ ಮೇಲೇ ಇತ್ತು. ಬಾಯಿ ಕಟ್ಟಿದ ಅಕ್ಕನೆದುರು ಅವನ ಬಾಯಿ ಬಿಚ್ಚಿಕೊಂಡಿತು.

"ನಿನ್ನ ದುಡ್ಡು ಬ್ಯಾಂಕಲ್ಲಿಲ್ಲ ಅಕ್ಕ. ಒಂದು ದೇಶದ ದುಡ್ಡು ಒಂದು ಪರ್ಸೆಂಟ್ ಬಡ್ಡಿಗೆ ಸಾಲ ಸಿಗುತ್ತೆ. ಇನ್ನೊಂದು ದೇಶದಲ್ಲಿಟ್ಟರೆ ಎಂಟು ಕೊಡ್ತಾರೆ. ಮಧ್ಯದ ಏಳು ನಮ್ಮದು. ನಿನ್ನ ಆರು ಲಕ್ಷ ಒತ್ತೆ ಇಟ್ಟು ಅರವತ್ತು ಲಕ್ಷ ಸಾಲ ತಗೊಂಡು ಅಲ್ಲಿಟ್ಟೆ."

ಅವಳ ಹುಬ್ಬು ಮೇಲೇರಿತು.

"ಮೂರು ತಿಂಗಳು ಚೆನ್ನಾಗೇ ಬಂತು. ಬಂದಿದ್ದನ್ನ ಸೆಟ್ಟು ಉಜ್ಜೋ ಈ ಹೊಸ ಮೋಟಾರಿಗೆ ಹಾಕಿದೆ. ಆದ್ರೆ ಸಾಲದ ದುಡ್ಡಿನ ಬೆಲೆ ಏರಿದ್ರೆ ತೀರಿಸೋ ಹೊರೆಯೂ ಏರುತ್ತೆ. ಎರಡು ಪರ್ಸೆಂಟ್ ಏರಿದ್ರೆ ತಾನಾಗೇ ಎಲ್ಲ ಮಾರಿ ಸಾಲ ತೀರಿಸಿಬಿಡು ಅಂತ ಗೆರೆ ಹಾಕಿದ್ದೆ. ಎರಡರ ಹತ್ತಿರ ಬಂತು. ಇನ್ನೊಂದು ಚೂರು ನೋಡೋಣ ಅಂತ ಮೂರಕ್ಕೆ ಸರಿಸಿದೆ. ಆಮೇಲೆ ಐದು. ನಿನ್ನೆ ಗೆರೆಯನ್ನೇ ತೆಗೆದೆ."

ಅವಳು ಕುರ್ಚಿಯ ತೋಳು ಬಿಗಿಹಿಡಿದಳು.

"ಇವತ್ತು ಸಾಲ ಕೊಡೋ ದೇಶದವರು ಬಡ್ಡಿ ಏರಿಸಿದ್ರು. ನನ್ನ ಥರ ತಗೊಂಡೋರೆಲ್ಲ ಒಟ್ಟಿಗೆ ತೀರಿಸೋಕೆ ಓಡಿದ್ದಾರೆ. ಎಲ್ಲರೂ ಅದೇ ದುಡ್ಡು ಕೊಳ್ಳೋದ್ರಿಂದ ಅದು ಇನ್ನೂ ಏರ್ತಿದೆ. ಈಗ ಏಳು. ಹತ್ತಾದ್ರೆ ನಿಂದು ಪೂರ್ತಿ ಹೋಯ್ತು."

ಅಕ್ಕ ಅವನ ಫೋನು ಕಿತ್ತುಕೊಂಡು ಅವನ ಕಣ್ಣೆದುರು ಹಿಡಿದಳು. ಅವಳ ಬೆರಳು ತೆರೆಯ ಮೇಲೆ ಕುಟ್ಟಿತು: ಮಾರು.

ಅವನು 'ಮಾರು' ಗುಂಡಿ ಒತ್ತಿದ. 'ಈ ದರ ಈಗ ಲಭ್ಯವಿಲ್ಲ.' ಮತ್ತೆ ಒತ್ತಿದ. ಲಭ್ಯವಿಲ್ಲ. ಬಾಗಿಲೊಂದೇ, ನುಗ್ಗುವವರು ಸಾವಿರ. ಏಳೂವರೆ. ಬೆವರಿದ ಹೆಬ್ಬೆರಳು ಗಾಜಿನ ಮೇಲೆ ಜಾರಿತು. ಎಂಟು. ಅವನು ಒತ್ತುತ್ತಲೇ ಇದ್ದ.

ಎಂಟೂವರೆ ಪರ್ಸೆಂಟಿಗೆ ಒಪ್ಪಿಗೆ ಬಂತು. ಆರು ಲಕ್ಷದಲ್ಲಿ ಉಳಿದದ್ದು ತೊಂಬತ್ತು ಸಾವಿರ.

ಅವಳು ತಾನೇ ತಟ್ಟೆ ಕಿತ್ತಳು. ಅಚ್ಚು ಅರ್ಧಕ್ಕೆ ಹರಿಯಿತು. ಬಾಯೊರೆಸಿಕೊಂಡು, ದನಿಯೇರಿಸದೆ ಕೇಳಿದಳು:

"ಶುಕ್ರವಾರ ಮನೆ ಮಾರೋರ ಮುಂದೆ ನಾನೊಬ್ಬಳೇ ನಿಲ್ಲಲಾ, ನೀನೂ ಬರ್ತೀಯೋ?"

"ಬರ್ತೀನಿ ಅಕ್ಕ" ಎಂದ. ಮೋಟಾರಿನ ವೈರನ್ನು ಗೋಡೆಯಿಂದ ಕಿತ್ತು ಸುತ್ತತೊಡಗಿದ. ಅದನ್ನು ಇವತ್ತೇ ಮಾರಿದರೆ ಎಷ್ಟು ಬಂದೀತೆಂದು ಲೆಕ್ಕ ಹಾಕಲು ಅವನಿಗೆ ಧೈರ್ಯವಿರಲಿಲ್ಲ.