ಸಿಡುಕಪ್ಪನ ಜೇಬಿನ ಚೀಟಿ

"ಇಪ್ಪತ್ತು ಕುರ್ಚಿ ಸಾಕು ಅಂದಿದ್ದು ನೀನೇ ಅಲ್ವಾ?" ಎನ್ನುತ್ತ ಚಿಕ್ಕಪ್ಪ ಮತ್ತೆ ನಾಲ್ಕು ಕುರ್ಚಿ ಎಳೆದು ತಂದರು.

ಮಗಳು ಬಾಗಿಲ ಕಡೆಯೇ ನೋಡುತ್ತಿದ್ದಳು. ಅಪ್ಪನ ಅಂತ್ಯಕ್ರಿಯೆಗೆಂದು ಬಾಡಿಗೆಗೆ ಹಿಡಿದ ಕೋಣೆಗೆ ಗುರುತಿಲ್ಲದವರು ಬರುತ್ತಲೇ ಇದ್ದರು. ಬಂದವರು ಕುರ್ಚಿಯ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಶವಪೆಟ್ಟಿಗೆಯ ಮುಂದೆ, ಒಬ್ಬರ ಹಿಂದೆ ಒಬ್ಬರು, ನಡುವೆ ಒಂದು ತೋಳಿನಷ್ಟು ಜಾಗ ಬಿಟ್ಟು ಸಾಲಾಗಿ ನಿಂತರು. ಸಾಲು ಬಾಗಿಲು ದಾಟಿ ರಸ್ತೆಗಿಳಿದಿತ್ತು.

"ಏನಮ್ಮ ಇದು, ಟಿಕೆಟ್ ಕೊಡ್ತಾ ಇದೀವಾ ಇಲ್ಲಿ?"

"ನನಗೂ ತಲೆಬುಡ ಗೊತ್ತಾಗ್ತಿಲ್ಲ ಚಿಕ್ಕಪ್ಪ."

ಅಪ್ಪ ವಿಶ್ವವಿದ್ಯಾಲಯದಲ್ಲಿ ಗುಮಾಸ್ತ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಚಿಕ್ಕವಳಿದ್ದಾಗ, "ಆಫೀಸಲ್ಲಿ ಏನ್ ಮಾಡ್ತೀಯಪ್ಪ?" ಎಂದು ಕೇಳಿದರೆ, "ಕೂಗಾಡ್ತೀನಿ ಪುಟ್ಟಿ," ಅನ್ನುತ್ತಿದ್ದ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಯಾಕೆಂದರೆ ಆ ಮನುಷ್ಯ ಮನೆಯ ಬೆಕ್ಕನ್ನು ಕೂಡ ಒಂದು ದಿನ ಗದರಿದವನಲ್ಲ.

ಸಾಲಿನ ಮೊದಲಿಗೆ ನಿಂತಿದ್ದ ಬ್ಯಾಂಕಿನವನು ಪೆಟ್ಟಿಗೆಗೆ ಕೈಮುಗಿದು ಮಗಳ ಕಡೆ ತಿರುಗಿದ. "ನಿಮ್ಮ ತಂದೆ ನನ್ನನ್ನ ಇಪ್ಪತ್ತು ನಿಮಿಷ ಬೈದಿದ್ರು ಮೇಡಂ. ಅಬ್ಬಬ್ಬಾ, ಏನ್ ಬೈಗುಳ! ಇವತ್ತಿಗೂ ಮರೆತಿಲ್ಲ," ಎಂದು ಕಣ್ಣೊರೆಸಿಕೊಂಡ.

"ನನ್ನ ಮುಂದೆ ಫೈಲು ಎತ್ತಿ ಕುಕ್ಕಿದ್ರು," ಎಂದಳು ಹಿಂದಿದ್ದ ಆಸ್ಪತ್ರೆಯ ಕೌಂಟರಿನವಳು. ಅವಳ ಮಾತಿನಲ್ಲಿ ಎಂಥದೋ ಹೆಮ್ಮೆ.

"ಯಾರು, ನಮ್ಮಪ್ಪನಾ? ನೀವು ಬೇರೆ ಯಾರದೋ ಸಾವಿಗೆ ಬಂದಿರ್ಬೇಕು ನೋಡಿ."

"ಸರಿಯಾಗೇ ಬಂದಿದಾರಮ್ಮ," ಎಂದು ಒಳಗೆ ಬಂದವರು ತರಬೇತಿ ಮೇಡಂ. ಪದವಿ ಮುಗಿಸುವವರನ್ನು ಬ್ಯಾಂಕು, ಹೋಟೆಲು, ಆಸ್ಪತ್ರೆಗಳ ಕೆಲಸಕ್ಕೆ ತಯಾರು ಮಾಡುವ ವಿಭಾಗ ಅವರದು. ತಂದಿದ್ದ ತಗಡಿನ ಡಬ್ಬಿಯನ್ನೂ ಕೌಂಟರಿನ ಮೇಲಿಡುವಂಥ ಪುಟ್ಟ ಗಂಟೆಯನ್ನೂ ಪೆಟ್ಟಿಗೆಯ ಪಕ್ಕದ ಮೇಜಿನ ಮೇಲಿಟ್ಟರು. "ಇಪ್ಪತ್ತಾರು ವರ್ಷ ನಿಮ್ಮಪ್ಪ ನಮ್ಮ ಹುಡುಗರ ಅಭ್ಯಾಸಕ್ಕೆ ಸಿಟ್ಟಿನ ಗಿರಾಕಿ ವೇಷ ಹಾಕಿದ್ರು. ಹುಡುಗರು ಸಿಡುಕಪ್ಪ ಅಂತಿದ್ರು. ಮನೇಲಿ ಹೇಳಿರ್ಲಿಲ್ವಾ?"

"ಹೇಳಿದ್ದ. ನಾವು ನಂಬಿರ್ಲಿಲ್ಲ," ಎಂದಳು ಮಗಳು.

*

ವರ್ಷಗಳ ಹಿಂದೆ, ತರಬೇತಿ ಕೋಣೆಯಲ್ಲಿ ಒಂದು ಉದ್ದ ಮೇಜು, ಅದರ ಮೇಲೆ ಗಂಟೆ. ಇತ್ತ ಕಡೆ ಕೊನೆಯ ವರ್ಷದ ಹುಡುಗಿ, ಅವಳ ಹಿಂದೆ ತೋಳಿನಷ್ಟು ಜಾಗ ಬಿಟ್ಟು ಸರದಿ ಕಾಯುವವರ ಸಾಲು; ಅತ್ತ ಕಡೆ ಸಿಡುಕಪ್ಪ.

"ಮೂರು ಸಲ ಫೋನ್ ಮಾಡಿದೀನಿ! ನಿಮ್ಮ ಹೋಟೆಲಲ್ಲಿ ಇರೋದು ಮನುಷ್ಯರಾ, ಕಂಬಗಳಾ?" ರೂಮಿನ ಕಿಟಕಿ ತೆರೆಯಲು ಬರುತ್ತಿಲ್ಲ ಎಂಬುದು ದೂರು.

ಗಿರಾಕಿಯ ನಿಜವಾದ ಸಂಕಟ ಅವನೇ ಬರೆದು ಜೇಬಿನಲ್ಲಿಟ್ಟುಕೊಂಡ ಚೀಟಿಯಲ್ಲಿರುತ್ತಿತ್ತು. ಬೈಗುಳ ದಾಟಿ ಅದನ್ನು ಕೇಳಿ ತಿಳಿದವರಿಗೆ ಚೀಟಿ ಸಿಗುತ್ತಿತ್ತು. ಮೇಡಂ ಗಂಟೆ ಹೊಡೆಯುತ್ತಿದ್ದರು, ಸಾಲು ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಕೇಳದಿದ್ದರೆ ಚೀಟಿ ಡಬ್ಬಿಗೆ.

ಹುಡುಗಿ ಬೇರೆ ರೂಮು ಕೊಡುತ್ತೇನೆಂದಳು. ಐದು ಸಲ ಕ್ಷಮೆ ಕೇಳಿದಳು. ಪುಸ್ತಕದಲ್ಲಿ ಕಲಿತಿದ್ದ ವಾಕ್ಯಗಳೆಲ್ಲ ಮುಗಿದು ಅವಳಿಗೇ ಅಳು ಬಂತು. ಸಿಡುಕಪ್ಪ ದನಿ ಇಳಿಸಿ, "ಕಿಟಕಿ ಬಿಡು ಮಗಳೇ. ಎದುರಿಗೆ ನಿಲ್ಬೇಡ, ಪಕ್ಕಕ್ಕೆ ಬಾ. ಬಂದು ಕೇಳು," ಅಂದ. ಚೀಟಿ ಮಾತ್ರ ಕೊಡಲಿಲ್ಲ.

*

"ಆ ಹುಡುಗಿ ನಾನೇ," ಎಂದಳು ಸಾಲಿನಲ್ಲಿ ಮೂರನೆಯವಳಾಗಿದ್ದ ಹೋಟೆಲಿನ ರಿಸೆಪ್ಷನಿಸ್ಟ್. "ಹನ್ನೊಂದು ವರ್ಷ ಆಯ್ತು. ಕೌಂಟರಲ್ಲಿ ಯಾರಾದ್ರೂ ಕೂಗಾಡಿದಾಗೆಲ್ಲ ನೆನಪಾಗುತ್ತೆ. ಚೀಟಿಲಿ ಏನಿತ್ತು ಅಂತ ನೋಡ್ಬಹುದಾ? ತಪ್ಪು ತಿಳ್ಕೋಬೇಡಿ."

ಹನ್ನೊಂದು ವರ್ಷ. ಅದು ಮಗಳು ಪದವಿ ಮುಗಿಸಿದ ವರ್ಷ. "ಕೆಲಸ ಕೊಡೋ ಕಂಪನಿಯವರೆಲ್ಲ ನಿಮ್ಮ ಆಫೀಸಿಗೇ ಬರ್ತಾರಲ್ಲ, ನನ್ನ ಬಗ್ಗೆ ಒಂದು ಮಾತು ಹೇಳಪ್ಪ," ಎಂದಿದ್ದಳು. "ನೀನೇ ಹೋಗಿ ಕೇಳು ಪುಟ್ಟಿ," ಅಂದುಬಿಟ್ಟ. ನಾಲ್ಕು ತಿಂಗಳು ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಆಮೇಲೆ ಮಾತು ಶುರುವಾದರೂ "ಊಟ ಆಯ್ತಾ", "ಹ್ಞೂಂ" ದಾಟಲಿಲ್ಲ. ಅಪ್ಪನೂ ಸುಮ್ಮನಿದ್ದ. ಅವನಿಗೆ ನೋವಾಗಿತ್ತೋ, ಇವಳ ಮುನಿಸು ಅವನಿಗೆ ತಾಗಲೇ ಇಲ್ಲವೋ ಎಂಬುದು ನಿನ್ನೆಯಿಂದ ಅವಳನ್ನು ಕೊರೆಯುತ್ತಿತ್ತು. ಇನ್ನು ಕೇಳುವುದಾದರೂ ಯಾರನ್ನು?

ಡಬ್ಬಿಯಲ್ಲಿ ಚೀಟಿಗಳು ಬಹಳ ಇರಲಿಲ್ಲ. ಒಂದೊಂದರ ಹಿಂದೆಯೂ ತಾರೀಕು, ವಿದ್ಯಾರ್ಥಿಯ ನಂಬರು.

"ನಲವತ್ತೇಳು," ಎಂದಳು ರಿಸೆಪ್ಷನಿಸ್ಟ್.

ಮಗಳು ಹುಡುಕಿ ತೆಗೆದು ಓದಿದಳು. ಇನ್ನೊಮ್ಮೆ ಓದಿದಳು. ಮುಷ್ಟಿ ಬಿಗಿಯಾಯಿತು.

"ಏನಿದೆ?"

"ಏನಿದ್ರೆ ನಿಮಗೇನ್ರೀ?" ಮಗಳ ಕೂಗಿಗೆ ರಸ್ತೆಯವರೂ ತಿರುಗಿ ನೋಡಿದರು. "ಅಪ್ಪ ಇನ್ನೂ ಇಲ್ಲೇ ಮಲಗಿದಾನೆ, ಆಗ್ಲೇ ಚೀಟಿ ಬೇಕಾ ನಿಮಗೆ? ಸಾಲು ಬೇರೆ ಕೇಡು! ನೀವೆಲ್ಲ ಮನುಷ್ಯರಾ, ಕಂಬಗಳಾ?"

ಚಿಕ್ಕಪ್ಪ ಕಕ್ಕಾಬಿಕ್ಕಿಯಾಗಿ ಕುರ್ಚಿ ಹಿಡಿದೇ ನಿಂತರು. ಆ ದನಿ ಥೇಟ್ ಅಪ್ಪನದೇ ಎಂಬುದು ಸಾಲಿನವರಿಗೆ ಮಾತ್ರ ತಿಳಿಯಿತು.

ರಿಸೆಪ್ಷನಿಸ್ಟ್ ಕ್ಷಮೆ ಕೇಳಲಿಲ್ಲ. ಕೈಚೀಲ ಕೆಳಗಿಟ್ಟು, ಮೇಜು ಬಳಸಿ ಬಂದು ಮಗಳ ಪಕ್ಕದಲ್ಲಿ ನಿಂತಳು.

"ಚೀಟಿ ಇರ್ಲಿ ಬಿಡಿ. ನಿಮಗೆ ಏನಾಯ್ತು, ಹೇಳಿ."

"ನಾಲ್ಕು ತಿಂಗಳು ಅಪ್ಪನ್ನ ಮಾತಾಡಿಸ್ಲಿಲ್ಲ ನಾನು," ಎಂದಳು ಮಗಳು. "ಅವನೇನೂ ಅನ್ಲಿಲ್ಲ. ನಾನೂ ಕೇಳ್ಲಿಲ್ಲ. ಒಂದೇ ಒಂದು ಸಲಾನೂ ಕೇಳ್ಲಿಲ್ಲ."

ಅಪ್ಪ ಹೋದ ಮೇಲೆ ಅವಳು ಮೊದಲ ಸಲ ಅತ್ತದ್ದು ಆಗ. ಅಳುತ್ತಲೇ ಮುಷ್ಟಿ ಬಿಡಿಸಿ, ಮುದುಡಿದ ಚೀಟಿಯನ್ನು ಪಕ್ಕದವಳ ಅಂಗೈಯಲ್ಲಿಟ್ಟಳು. ಅಪ್ಪನ ಗುಂಡು ಅಕ್ಷರ: 'ಮನೆಯಲ್ಲಿ ಮಗಳು ಮಾತು ಬಿಟ್ಟಿದ್ದಾಳೆ. ಹೇಗೆ ಮಾತಾಡಿಸಬೇಕೋ ತಿಳಿಯುತ್ತಿಲ್ಲ. ಕಿಟಕಿ ಬರೀ ನೆಪ.'

ತರಬೇತಿ ಮೇಡಂ ಅವರ ಕೈ ತಾನಾಗಿಯೇ ಮೇಜಿನತ್ತ ಹೋಯಿತು. ಟಿಣ್ ಎಂದಿತು ಗಂಟೆ.

ಸಾಲಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು.