ಮೊದಲ ಜೋಡಿ

ಚಪ್ಪಲಿ ಕಾರ್ಖಾನೆಯಲ್ಲಿ ಆ ಹುಡುಗಿಗೆ ಇಟ್ಟ ಹೆಸರು ಉಯ್ಯಾಲೆ. ಎಡಗಾಲು ಗಿಡ್ಡ, ನಡೆದರೆ ಮೈ ಓಲಾಡುತ್ತದೆ, ಅದಕ್ಕೆ. ಹೆಸರಿಟ್ಟ ಪುಣ್ಯಾತ್ಮ ತೊಗಲು ಕತ್ತರಿಸುವವನು. ಅವಳು ನೀರು ಕುಡಿಯಲು ಎದ್ದರೆ ಸಾಕು, ಹಿಂದೆಯೇ ಕುಂಟುತ್ತಾ ಹೋಗುತ್ತಿದ್ದ. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಅವ್ರು ನಗೋಕ್ ಮುಂಚೆ ನೀನೇ ನಕ್ಬಿಡು, ಆಮೇಲೆ ಅವ್ರ ಹತ್ರ ಏನೂ ಉಳಿಯಲ್ಲ" ಎಂದು ಅಕ್ಕ ಹೇಳಿಕೊಟ್ಟಿದ್ದಳು. ನಕ್ಕೂ ನಕ್ಕೂ ಇವಳ ದವಡೆ ನೋಯಿತೇ ಹೊರತು, ಅವರ ಹತ್ತಿರ ಬೇಕಾದಷ್ಟು ಉಳಿದೇ ಇತ್ತು.

ಆ ಕಾರ್ಖಾನೆಯಲ್ಲೊಂದು ಪದ್ಧತಿ. ಕೆಲಸ ಕಲಿಯಲು ಬಂದವರು ಮೊದಲ ಜೋಡಿಯನ್ನು ತಮ್ಮ ಕಾಲಿನ ಅಳತೆಗೇ ಹೊಲಿದು, ಎಲ್ಲರೆದುರು ಈ ಗೋಡೆಯಿಂದ ಆ ಗೋಡೆಗೆ ನಡೆಯಬೇಕು. ಮೇಸ್ತ್ರಿ ತಲೆಯಾಡಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಯ ದಾರಿ.

ಅವಳ ಸರದಿ ಬಂತು. ಎಡಗಾಲಿನದಕ್ಕೆ ಪದರದ ಮೇಲೆ ಪದರ ಅಂಟಿಸಿ ದಪ್ಪ ಅಟ್ಟೆ ಕೊಟ್ಟಿದ್ದಳು. ನಡೆದಳು. ಓಲಾಟ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಅರ್ಧ ದಾರಿಯಲ್ಲಿ ಬೆನ್ನ ಹಿಂದೆ ನಗು ಎದ್ದಿತು. ತಿರುಗಿದರೆ ಅವನೇ, ಬಲಗಾಲು ಎಳೆಯುತ್ತಾ ಬರುತ್ತಿದ್ದಾನೆ.

ಈ ಸಲ ಅವಳು ನಗಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ತಪ್ಪು ಕಾಲು" ಎಂದಳು. "ನಂದು ಎಡಗಾಲು ಗಿಡ್ಡ. ಇಷ್ಟ್ ದಿನ ನನ್ನ ಹಿಂದೇನೇ ಸುತ್ತಿದೀಯ, ಅಷ್ಟೂ ಕಲೀಲಿಲ್ವಾ?" ಚಪ್ಪಲಿ ಬಿಚ್ಚಿ ಅವನ ಮುಂದಿಟ್ಟಳು. "ಹಾಕ್ಕೊಂಡು ಸರಿಯಾಗ್ ಮಾಡು. ಎಲ್ರೂ ನೋಡ್ಲಿ."

"ತಮಾಷೆಗೆ ಮಾಡಿದ್ದು ಕಣೆ."

"ನಾನೂ ತಮಾಷೆಗೇ ಹೇಳ್ತಿರೋದು. ಹಾಕ್ಕೋ."

ಅವನು ಮೇಸ್ತ್ರಿಯ ಮುಖ ನೋಡಿದ. "ಹಾಕ್ಕೊಳಯ್ಯ, ಕೇಳಿಸ್ಲಿಲ್ವಾ?" ಎಂದರು ಅವರು.

ಬೆರಳು ತುರುಕಿ, ಹಿಮ್ಮಡಿ ಹೊರಗೆ ಚಾಚಿಕೊಂಡೇ ಹೆಜ್ಜೆ ಇಟ್ಟ. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಬೇಡವೆಂದರೂ ಕುಂಟಿದ, ವಾಲಿದ, ಕೊನೆಗೆ ತೊಗಲಿನ ರಾಶಿಗೆ ಕೈಯೂರಿ ನಿಂತ. ಯಾರೋ ಕಿಸಕ್ಕೆಂದರು. ಅವಳು ನೋಡಿದ ನೋಟಕ್ಕೆ ಆ ಬಾಯಿಯೂ ಮುಚ್ಚಿಕೊಂಡಿತು.

"ನನ್ನ ಕಾಲಿಗೆ ಸರಿಯಾಗಿದೆ, ಅದಕ್ಕೇ ನಿನ್ನ ಕಾಲಿಗೆ ಆಗ್ಲಿಲ್ಲ. ಕೊಡು ಇಲ್ಲಿ."

ಮತ್ತೆ ಮೆಟ್ಟಿಕೊಂಡು ಉಳಿದ ಅರ್ಧವನ್ನೂ ನಡೆದಳು, ಓಲಾಡುತ್ತಲೇ, ಒಂಚೂರೂ ಅವಸರಪಡದೆ. ಗೋಡೆ ಮುಟ್ಟಿದ ಮೇಲೆ ಮೇಸ್ತ್ರಿ ಚಪ್ಪಲಿ ಇಸಿದುಕೊಂಡು, ಹೊಲಿಗೆ ಜಗ್ಗಿ ನೋಡಿ ತಲೆಯಾಡಿಸಿದರು.

"ಎಲ್ಲಿ ಕೂತ್ಕೋತೀಯಮ್ಮ? ಕಿಟಕಿ ಹತ್ರ ಜಾಗ ಇದೆ, ಯಾರ ಕಾಟಾನೂ ಇರಲ್ಲ."

"ಬೇಡ ಮೇಸ್ತ್ರಿ. ನನ್ನ ಸ್ಟೂಲು ಇವನ ಎದ್ರಿಗೇ ಹಾಕಿ. ದಿನಾ ಎದ್ದು ಓಡಾಡ್ತೀನಿ. ಯಾವ ಕಾಲು ಅಂತ ಇನ್ನೊಂದ್ಸಲ ಮರೀಬಾರ್ದಲ್ಲ, ಪಾಪ."