ಬೆಟ್ಟಮ್ಮ ಬೆಳಗಿದ ಬಿಲ್ಲೆ

ಅದಲ್ಲ, ಅದೂ ಅಲ್ಲ, ಎಷ್ಟು ಬೀಗದ ಕೈ ಈ ಮನುಷ್ಯನಿಗೆ, ಸ್ಟೋರಿನದು, ಜೀಪಿನದು, ಹೋಂಸ್ಟೇ ರೂಮುಗಳದು, ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾನೆ, ಗಾಜಿನ ಕಪಾಟಿನದು ಮಾತ್ರ ಸಿಗುವುದಿಲ್ಲ — ಸಿಗುವುದಿಲ್ಲವೋ, ಸಿಗಬಾರದು ಅಂತಲೋ — ಚಂದ್ರಿಕಾ ಕಾಲು ಬದಲಿಸಿ ನಿಂತಳು. ಕೂತ್ಕೊಳ್ಳಿ ಅಂದಿದ್ದ, ಕೂರಲಿಲ್ಲ. ಇವನ ಸೋಫಾದಲ್ಲಿ ಕೂತರೆ ಕಾಫಿ ಬರುತ್ತದೆ, ಕಾಫಿ ಕುಡಿದರೆ ಮಾತು ಮೆತ್ತಗಾಗುತ್ತದೆ, ಐದು ವರ್ಷ ಮೆತ್ತಗೆ ಮಾತಾಡಿದ್ದು ಸಾಕು. ಅವ್ವ ಮಾತ್ರ ಕೂತಿದ್ದಾಳೆ, ಸೋಫಾದ ತುದಿಯಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಆಸ್ಪತ್ರೆಯಲ್ಲಿ ಸರದಿಗೆ ಕಾಯುವವಳ ಹಾಗೆ. ಸಕಲೇಶಪುರದಿಂದ ಹೆತ್ತೂರಿಗೆ ಬಸ್ಸು, ಅಲ್ಲಿಂದ ಆಟೋ, ವಾರದ ರಜೆಯಲ್ಲೂ ಕಂಡಕ್ಟರ್ ಕೆಲಸದವಳಿಗೆ ಬಸ್ಸೇ ಗತಿ, ಆ ಬಸ್ಸಿನವನು ಬಾಗಿಲು ಹಾಕಿದ ರೀತಿಗೂ ಸಿಟ್ಟು ಬಂದಿತ್ತು, ಬೆಳಿಗ್ಗೆಯಿಂದ ಎಲ್ಲದಕ್ಕೂ ಸಿಟ್ಟೇ. ಅಪ್ಪನ ಮೆಡಲ್ ಆ ಗಾಜಿನ ಹಿಂದೆ ಇದೆ. ಎಪ್ಪತ್ತೊಂದರ ಯುದ್ಧಕ್ಕೆ ಹೋಗಿಬಂದದ್ದಕ್ಕೆ ಸರ್ಕಾರ ಕೊಟ್ಟ ಸಂಗ್ರಾಮ್ ಮೆಡಲ್, ಅವ್ವನ ಬಾಯಲ್ಲಿ ಬರೀ ಬಿಲ್ಲೆ. ಅಪ್ಪನ ತಿಥಿಯ ದಿನ ಫೋಟೋದ ಮುಂದೆ, ದೀಪದ ಪಕ್ಕ ಇಟ್ಟಿದ್ದರು, ಊಟಕ್ಕೆ ಬಂದ ಈ ಪ್ರತಾಪ್ ಎಲೆ ಮುಂದೆ ಕೂರುವುದಕ್ಕೆ ಮೊದಲೇ ಅದನ್ನು ಕೈಗೆ ತಗೊಂಡ — ಇದು ಯಾವ ದಳದ್ದು, ಯಾವ ಕಾಲದ್ದು ಎಲ್ಲ ಸರಿಯಾಗಿ ಪತ್ತೆ ಮಾಡಿ ಹೇಳ್ತೀನಿ ಕಣ್ರೀ, ವಾರದಲ್ಲಿ ವಾಪಸ್ ತಂದುಕೊಡ್ತೀನಿ. ತಮ್ಮ ಲೋಹಿತ್, ಎಸ್ಟೇಟಿನವರು ಮನೆ ತನಕ ಬಂದರಲ್ಲ ಅನ್ನುವ ಸಂಭ್ರಮಕ್ಕೆ, ತಗೊಂಡೋಗಿ ಸಾರ್ ಅದಕ್ಕೇನಂತೆ ಅಂದುಬಿಟ್ಟ, ತಾನೇ ಪೇಪರಿನಲ್ಲಿ ಸುತ್ತಿಯೂ ಕೊಟ್ಟ, ಮೂರ್ಖ, ನೆಂಟರಿಗೆ ವಡೆ ಕಟ್ಟಿಕೊಟ್ಟ ಹಾಗೆ. ಆಮೇಲೆ ಫೋನು ಮಾಡಿದಾಗಲೆಲ್ಲ, ಒಂದಿನ ಬನ್ನಿ ಚಂದ್ರಿಕಾ ಅವರೇ, ತೋಟ ನೋಡ್ಕೊಂಡು ಹೋಗಿ. ಇವನ ತೋಟ ಯಾರಿಗೆ ಬೇಕು? ನಾಡಿದ್ದು ಆಯುಧಪೂಜೆ, ಅವ್ವ ಮಣೆ ಹಾಕಿ ಕುಡುಗೋಲು ಕತ್ತಿ ಎಲ್ಲ ಜೋಡಿಸಿ, ನಡುವೆ ಬಿಲ್ಲೆಯ ಜಾಗ ಬಿಡುತ್ತಾಳೆ, ಐದು ವರ್ಷದಿಂದ ಬರೀ ಮಣೆಗೆ ಅರಿಶಿನ ಕುಂಕುಮ. ಇವತ್ತು ಬಿಲ್ಲೆ ಇಲ್ಲದೆ ಈ ಮನೆಯಿಂದ ಹೊರಡುವುದಿಲ್ಲ.

ಸಿಕ್ತು ನೋಡಿ, ಅಂದ ಪ್ರತಾಪ್, ಬಾಗಿಲು ತೆರೆದ, ಆಮೇಲೆ ಜೇಬಿನಿಂದ ಬಿಳಿ ಬಟ್ಟೆಯ ಕೈಗವಸು ತೆಗೆದು ಬೆರಳು ಬೆರಳಿಗೂ ಎಳೆದುಕೊಂಡ. ಕೈಗವಸು! ಅದನ್ನು ಎದೆಗೆ ಹಾಕಿಕೊಂಡವರ ಕೈ ಹೇಗಿತ್ತು ಅಂತ ಗೊತ್ತೇನಯ್ಯ ನಿನಗೆ, ಸೈನ್ಯ ಬಿಟ್ಟು ಬಂದು ಎಡಕುಮೇರಿಯಲ್ಲಿ ರೈಲ್ವೆ ಗ್ಯಾಂಗಿನಲ್ಲಿ ಜಲ್ಲಿ ಹೊಡೆದ ಕೈ — ಗೊತ್ತಿದೆ ಇವನಿಗೆ, ಚೆನ್ನಾಗಿ ಗೊತ್ತಿದೆ, ಕಾಲೇಜಿನಲ್ಲಿದ್ದಾಗ ಸ್ನೇಹಿತರ ಜೊತೆ ಹಳಿಯ ಮೇಲೆ ನಡೆಯಲು ಹೋಗಿ ಕಾಲು ಉಳುಕಿಸಿಕೊಂಡವನನ್ನು ಸ್ಟೇಷನ್ ತನಕ ಬೆನ್ನ ಮೇಲೆ ಹೊತ್ತು ತಂದವರು ಅಪ್ಪ, ಅದಕ್ಕೇ ತಾನೇ ತಿಥಿಗೆ ಬಂದದ್ದು. ಈಗ ನೋಡು, ಪಾಠ ಶುರುವಾಯಿತು, ಹೋಂಸ್ಟೇಗೆ ಬಂದವರಿಗೆ ದಿನಾ ಹೇಳುವ ಪಾಠ. ಇದು ಟೋಪಿಯ ಬ್ಯಾಡ್ಜ್, ಇದು ಹೆಗಲಿನದು, ತಿರುಗಿಸಿ ಹಿಂದಿನ ಕೊಂಡಿ ನೋಡ್ಬೇಕು, ಅಚ್ಚಲ್ಲಿ ಹೊಯ್ದಿದ್ರೆ ನಕಲಿ, ಒತ್ತಿ ಮಾಡಿದ್ರೆ ಅಸಲಿ, ಎಷ್ಟು ಜನ ಮೋಸ ಹೋಗ್ತಾರೆ ಗೊತ್ತಾ? ಸಾರ್, ನಮ್ಮಪ್ಪಂದು ಕೊಡಿ, ಅಂದಳು. ಗಂಟಲು ತನ್ನ ಪಾಡಿಗೆ ತಾನು ಬಸ್ಸಿನ ಗಂಟಲಾಯಿತು, ಹಿಂದೆ ಸರೀರಿ ಅನ್ನುವ ಗಂಟಲು. ಕೊಡೋಣ, ಅದಕ್ಕೇನು, ಆದ್ರೆ ಇಲ್ಲಿ ಮೂರು ಇದಾವಲ್ಲ — ಮಖಮಲ್ಲಿನ ಮೇಲೆ ಒಂದೇ ಥರದ ಮೂರು, ಮೂರಕ್ಕೂ ಸಿಂಹದ ಮುದ್ರೆ, ಮೂರೂ ಕಪ್ಪು. ಬೇರೆ ಬೇರೆ ಕಡೆಯಿಂದ ಬಂದಿದ್ದು, ಯಾವುದು ಯಾರದ್ದು ಅಂತ ನಂಗೂ ಈಗ ನೆನಪಿಲ್ಲ, ನಿಮ್ಮದು ಯಾವ್ದು ತೋರ್ಸಿ, ತಗೊಂಡು ಹೋಗಿ. ಅಂಚು ನೋಡ್ಬೇಕು, ಅಂಚಿನ ಸುತ್ತ ಸೈನಿಕನ ನಂಬರು, ಹೆಸರು ಕೊರೆದಿರ್ತಾರೆ, ಮೆಡಲ್‌ಗೆ ಅದೇ ಜಾತಕ. ಭೂತಗನ್ನಡಿ ಇಟ್ಟು ಒಂದನ್ನು ಓದಿದ, ಯಾರೋ ಉತ್ತರದ ಕಡೆಯವನು, ಇನ್ನೊಂದನ್ನು ಓದಿದ, ಕೊಡಗಿನ ಹೆಸರು. ಮೂರನೆಯದನ್ನು ತಿರುಗಿಸಿದ, ತಿರುಗಿಸುತ್ತಲೇ ಇದ್ದ, ಏನೂ ಓದಲಿಲ್ಲ. ಇದರಲ್ಲಿ ಹೆಸರಿಲ್ಲ ನೋಡಿ, ಒಂದು ಅಕ್ಷರದ ಅರ್ಧ ಗೀಟು ಉಳಿದಿದೆ ಅಷ್ಟೆ, ಯಾವ ಅಕ್ಷರ ಅಂತ ಹೇಳೋಕಾಗಲ್ಲ. ಅದೇ ನಮ್ಮದು, ಅಂದಳು ಚಂದ್ರಿಕಾ. ಹೇಗೆ ಹೇಳ್ತೀರಿ? ಹೆಸರಿಲ್ವಲ್ಲ, ಅದಕ್ಕೇ. ಪ್ರತಾಪ್ ನಕ್ಕ. ಆ ನಗುವಿಗೆ ಒಂದು ಬಾರಿಸಬೇಕು ಅನ್ನಿಸಿತು.

ನಗುವುದೇನು, ಹೇಗೆ ಹೇಳುವುದು ಇವನಿಗೆ, ಅವ್ವನ ಹೆಬ್ಬೆರಳಿನ ವಿಷಯ. ಹಬ್ಬದ ಹಿಂದಿನ ದಿನ ಬಚ್ಚಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ ಅವ್ವ, ಹುಣಸೆಹಣ್ಣು, ಒಲೆ ಬೂದಿ, ತೆಂಗಿನ ನಾರು, ಮೊದಲು ದೀಪ, ಆಮೇಲೆ ಚೊಂಬು, ಬಾವಿಯ ಗಡಗಡೆಯ ಗಾಲಿ, ಅಪ್ಪನ ರೈಲ್ವೆ ಲಾಟೀನು, ಕೊನೆಗೆ ಕೈ ತೊಳೆದುಕೊಂಡು ಹೊಸ ಹುಣಸೆಹಣ್ಣು ತಗೊಂಡು ಬಿಲ್ಲೆ, ಅದರ ರಿಬ್ಬನ್ ಪಟ್ಟಿ ಬಿಚ್ಚಿಟ್ಟು, ಬಿಲ್ಲೆಗೆ ನಾರು ತಾಗಿಸಬಾರದು ಅಂತ ಬರೀ ಹೆಬ್ಬೆರಳು, ಅಂಚಿನ ಮೇಲೆ ಸುತ್ತ, ಸುತ್ತ. ಈ ಗೆರೆಗಳೊಳಗೆ ಕೊಳೆ ಕೂತೈತೆ ಕಣೆ ಚಂದ್ರಿ, ಎಷ್ಟು ಉಜ್ಜಿದ್ರೂ ಹೋಗಾಕಿಲ್ಲ, ಅನ್ನುತ್ತಿದ್ದಳು, ಓದು ಬಾರದ ಅವ್ವ, ಗೆರೆಯೇ ಹೆಸರು ಅಂತ ಗೊತ್ತಿಲ್ಲದೆ — ಗೊತ್ತಿಲ್ಲದೆ ಅಂತ ಯಾಕೆ ಹೇಳಬೇಕು, ಗೊತ್ತಾದ ಮೇಲೂ ಉಜ್ಜಿದಳಲ್ಲ. ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪ ಒಂದು ವರ್ಷ ಅಂದೇ ಬಿಟ್ಟರು, ಬುಡೆ ಬೆಟ್ಟಮ್ಮ, ಅದು ಕೊಳೆ ಅಲ್ಲ, ನನ್ನ ಹೆಸ್ರು, ಹೋಗ್ಬುಟ್ಟಾತು. ಅವ್ವ ಮುಖ ಎತ್ತಲಿಲ್ಲ. ಹೋದ್ರೆ ಹೋಗ್ಲಿ ಬುಡಿ, ಹಬ್ಬದ ದಿನ ಕೊಳೆ ಇಕ್ಕಂಡು ಪೂಜೆ ಮಾಡಕ್ಕಾಯ್ತದಾ, ನಿಮ್ ಹೆಸ್ರು ಊರ್ಗೆಲ್ಲ ಗೊತ್ತೈತೆ. ಅಪ್ಪ ನಕ್ಕರು, ನಗಬಾರದಿತ್ತು, ಎದ್ದು ಬಂದು ಕಿತ್ತುಕೊಳ್ಳಬೇಕಿತ್ತು, ಯುದ್ಧಕ್ಕೆ ಹೋಗಿಬಂದವರಿಗೆ ಹೆಂಡತಿಯ ಕೈಯಿಂದ ಒಂದು ಬಿಲ್ಲೆ ಕಿತ್ತುಕೊಳ್ಳಲು ಆಗಲಿಲ್ಲವೇ, ಸಿಂಹದ ಮೂಗು ಹೋಯಿತು, ನಂಬರು ಹೋಯಿತು, ಹೆಸರು ಹೋಯಿತು, ಆ ಹೆಬ್ಬೆರಳು ಮಾತ್ರ ಸುತ್ತ, ಸುತ್ತ. ಈಗ ಅವ್ವನ ಮೇಲೂ ಸಿಟ್ಟು ಬರುತ್ತಿದೆ, ಅವ್ವನ ಮೇಲೆ ಬಂದದ್ದಕ್ಕೆ ತನ್ನ ಮೇಲೂ. ಚಂದ್ರಿಕಾ ಅಷ್ಟೂ ಹೇಳಿದಳು, ಹುಣಸೆಹಣ್ಣು ಬೂದಿ ಎಲ್ಲ. ಪ್ರತಾಪ್ ಕೈಗವಸಿನ ಕೈಯಲ್ಲಿ ಹಣೆ ಹಿಡಿದುಕೊಂಡ. ಅಯ್ಯೋ, ಮೆಡಲ್‌ಗೆ ಹುಣಸೆಹಣ್ಣು ಹಾಕ್ತಾರೇನ್ರೀ?

ಆಗ ಕಂಡಿತು, ಮೂರನೆಯದರ ಮುಂದೆ ನಿಲ್ಲಿಸಿದ್ದ ಪುಟ್ಟ ರಟ್ಟು. ಅನಾಮಧೇಯ ಸೈನಿಕ, ಎಪ್ಪತ್ತೊಂದರ ಯುದ್ಧ. ಅನಾಮಧೇಯ! ನಿನ್ನನ್ನು ಬೆನ್ನ ಮೇಲೆ ಹೊತ್ತಾಗ ಏನಂತ ಕರೆದಿದ್ದೆಯಯ್ಯ, ಲಕ್ಕಪ್ಪಣ್ಣ ನಿಧಾನ, ಲಕ್ಕಪ್ಪಣ್ಣ ನೀರು, ಅಪ್ಪ ಮನೆಗೆ ಬಂದು ಅದನ್ನೇ ಹೇಳಿ ಹೇಳಿ ನಗುತ್ತಿದ್ದರು. ಯಾರು ಸಾರ್ ಅನಾಮಧೇಯ, ಯಾರು, ಅನ್ನುವಷ್ಟರಲ್ಲಿ ಅವನು ಅವ್ವನ ಕಡೆ ತಿರುಗಿಬಿಟ್ಟಿದ್ದ. ಅಮ್ಮಾ, ಅಷ್ಟು ವರ್ಷ ಕೈಯಲ್ಲಿ ಹಿಡಿದೋರು ನೀವು, ನೀವೇ ನೋಡಿ ಹೇಳಿ, ನೀವು ಹೌದು ಅಂದ್ರೆ ಹೌದು. ಎಷ್ಟು ಮೆತ್ತಗೆ ಹೇಳಿದ! ಅವ್ವ ಕೈಚೀಲ ಕೆಳಗಿಟ್ಟು ಎರಡು ಕೈಯಲ್ಲಿ ತಗೊಂಡಳು, ಪ್ರಸಾದ ತಗೊಂಡ ಹಾಗೆ. ಹೇಳವ್ವ, ನಮ್ಮದೇ ಅಂತ ಹೇಳು, ಒಂದೇ ಮಾತು. ಅವ್ವ ಈ ಕಡೆ ನೋಡಿದಳು, ಆ ಕಡೆ ನೋಡಿದಳು, ಕಿಟಕಿಯ ಬೆಳಕಿಗೆ ಹಿಡಿದಳು. ಇಲ್ಲ ಗೌಡ್ರೇ, ಇದು ನಮ್ದಲ್ಲ. ಅವ್ವಾ! ಸುಮ್ಕಿರೆ ಚಂದ್ರಿ, ನಂಗೊತ್ತಿಲ್ವಾ, ನಮ್ದು ಹಿಂಗೆ ಕರ್ರಗಿರ್ಲಿಲ್ಲ, ಫಳಫಳ ಅಂತಿತ್ತು, ಮುಖ ಕಾಣ್ತಿತ್ತು ಅದ್ರಾಗೆ, ಇದು ಯಾರೋ ಮನೇಲಿ ಹೆಂಗಸ್ರಿಲ್ದೋರ್ದು. ಪ್ರತಾಪನ ಮುಖ ಸಡಿಲವಾಯಿತು, ಅದನ್ನು ಚಂದ್ರಿಕಾ ಕಣ್ಣಾರೆ ಕಂಡಳು. ಕಪ್ಪಾಗಿದೆ ಅವ್ವ, ಐದು ವರ್ಷದಲ್ಲಿ ಕಪ್ಪಾಗಿದೆ, ಇವರು ಉಜ್ಜಿಲ್ಲ, ಅಂದಳು. ಉಜ್ಜಬಾರದು ಚಂದ್ರಿಕಾ ಅವರೇ, ಅಂದ ಅವನು, ನಾವು ಸಂಗ್ರಹ ಮಾಡೋರು ಯಾವತ್ತೂ ಉಜ್ಜಲ್ಲ, ಆ ಕಪ್ಪೇ ಅದರ ವಯಸ್ಸು. ಪಾಪ, ಅಮ್ಮನೇ ಹೇಳಿದ್ರಲ್ಲ, ಬಿಡಿ. ಕೈಗವಸಿನ ಕೈ ಚಾಚಿದ.

ಬಿಡಬೇಕಂತೆ. ಉಜ್ಜಿ ಉಜ್ಜಿ ಒಬ್ಬಳು ಹೆಸರು ಕಳೆದಳು, ಉಜ್ಜದೆ ಇಟ್ಟು ಇನ್ನೊಬ್ಬ ಗುರುತು ಕಳೆದ, ನಡುವೆ ಅಪ್ಪ ಅನಾಮಧೇಯ — ಚಾಚಿದ ಕೈಗಿಂತ ಮೊದಲು ಅವಳ ಕೈ ಹೋಯಿತು, ಅವ್ವನ ಬೊಗಸೆಯಿಂದ ಬಿಲ್ಲೆ ಕಿತ್ತುಕೊಂಡಳು, ಸೆರಗಿನ ತುದಿಗೆ ಉಗುಳು ಹಚ್ಚಿ ಉಜ್ಜತೊಡಗಿದಳು. ರೀ, ರೀ, ಏನ್ ಮಾಡ್ತಿದೀರಿ, ಹಾಳಾಗುತ್ತೆ ಕಣ್ರೀ, ಕೊಡಿ ಇಲ್ಲಿ! ಹತ್ರ ಬಂದ್ರೆ ನೋಡಿ ಸಾರ್, ಅಂದಳು, ಅವನು ಅಲ್ಲೇ ನಿಂತ. ಹಾಳಾಗಲಿ, ನಿನ್ನ ಕಪಾಟು, ನಿನ್ನ ಗಾಜು, ನಿನ್ನ ರಟ್ಟು ಎಲ್ಲ ಹಾಳಾಗಲಿ, ಉಜ್ಜಿದಳು, ಬೆರಳು ಉರಿಯಿತು, ಸೆರಗು ಕಪ್ಪಾಯಿತು, ಬಿಲ್ಲೆ ಮಾತ್ರ ಮೊಂಡು, ಬೆಳಗುವುದಿಲ್ಲ, ಒಂದು ಚೂರು, ಸಿಂಹದ ಕಿವಿಯ ಹತ್ತಿರ ಒಂದು ಚೂರು ಬೆಳ್ಳಗಾಯಿತು, ಅಷ್ಟೇ, ನೋಡವ್ವ, ನೋಡು, ಕಣ್ಣಲ್ಲಿ ನೀರು ಬಂದು ತನಗೇ ಕಾಣಿಸುತ್ತಿಲ್ಲ. ಅವ್ವ ಮುಂದೆ ಬಾಗಿದಳು. ಬಹಳ ಹೊತ್ತು ನೋಡಿದಳು. ತಾರೆ ಇಲ್ಲಿ, ಅಂದಳು, ಹಂಗಲ್ಲ ಉಜ್ಜಾದು. ಬಿಲ್ಲೆ ಅವ್ವನ ಕೈಗೆ ಹೋಯಿತು. ಅವ್ವ ಅದನ್ನು ಮಡಿಲ ಮೇಲೆ ಇಟ್ಟು, ಎಡಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಅಂಚಿಗೆ ಒತ್ತಿದಳು. ಪ್ರತಾಪ್ ಏನೋ ಹೇಳುತ್ತಿದ್ದಾನೆ, ಏನೋ. ಬೇಡ ಅನ್ನಬೇಕು, ಅವ್ವ ಅಲ್ಲಿ ಬೇಡ, ಅಲ್ಲೊಂದು ಗೀಟು ಉಳಿದಿದೆ, ಅರ್ಧ ಅಕ್ಷರ, ಅಷ್ಟೇ ಉಳಿದಿರೋದು ಅಪ್ಪನದು — ಹೆಬ್ಬೆರಳು ಅದರ ಮೇಲೇ ಹೋಗುತ್ತಿದೆ, ಅಂಚಿನ ಮೇಲೆ, ಸುತ್ತ, ಮತ್ತೆ ಸುತ್ತ, ಹೆಬ್ಬೆರಳು